ಬೀಮಿಷ್ ಮ್ಯೂಸಿಯಂ: ವಯಸ್ಸಾದವರನ್ನ ಕರ್ಕೊಂಡು ಹೋಗಿ, ದುಡ್ಡು ವಸೂಲ್ ಆಗುತ್ತೆ

ಇಂಗ್ಲೆಂಡಿನ ಬೀಮಿಷ್ ಬಯಲು ಮ್ಯೂಸಿಯಂಗೆ ಬಂದವರಲ್ಲಿ ತುಂಬಾ ಜನ ಗೇಟು ದಾಟಿದ ತಕ್ಷಣ ಟ್ರಾಮ್ ಹತ್ತಿ ಒಳಗಿನ ಟೌನ್ ಕಡೆ ಹೊರಟುಬಿಡುತ್ತಾರೆ. ನನ್ನ ಕೇಳಿದರೆ ಮೊದಲು ಪಿಟ್ ವಿಲೇಜ್‌ಗೆ, ಅಂದರೆ ಕಲ್ಲಿದ್ದಲು ಗಣಿ ಕೆಲಸಗಾರರ ಹಳ್ಳಿಗೆ ಹೋಗಿ. ಬೆಳಿಗ್ಗೆ ಅಲ್ಲಿ ಜನ ಕಡಿಮೆ. ಒಲೆ ಆಗಷ್ಟೇ ಹೊತ್ತಿರುತ್ತದೆ. ಅಲ್ಲಿನ ಸಿಬ್ಬಂದಿಗೆ ಮಾತಾಡೋಕೆ ಪುರುಸೊತ್ತು ಇರುತ್ತದೆ. ಇನ್ನೊಂದು ಮಾತು. ಎಂಬತ್ತು ದಾಟಿದ ಯಾರಾದರೂ ಪರಿಚಯದವರಿದ್ದರೆ, ಅದರಲ್ಲೂ ಡರ್ಹಮ್ ಕಡೆ ಹುಟ್ಟಿ ಬೆಳೆದವರಾದರೆ, ಅವರನ್ನ ಬಿಟ್ಟು ಹೋಗಬೇಡಿ. ನೀವಷ್ಟೇ ಹೋದರೆ ಹಳೇ ಮನೆಗಳನ್ನ ನೋಡಿ, ನಾಲ್ಕು ಫೋಟೋ ತೆಗೆದುಕೊಂಡು ವಾಪಸ್ ಬರುತ್ತೀರಿ. ಅವರ ಜೊತೆ ಹೋದರೆ ಕಥೆಯೇ ಬೇರೆ.

ನಾನು ಡರ್ಹಮ್ ಹತ್ತಿರ ವಯಸ್ಸಾದವರ ಒಂದು ಕೇರ್ ಹೋಮ್‌ನಲ್ಲಿ ಕೆಲಸ ಮಾಡುತ್ತೇನೆ. ಸ್ನಾನ, ಮಾತ್ರೆ, ಊಟ, ಮಾತು. ಮಾತೇ ಜಾಸ್ತಿ. ವರ್ಷದಲ್ಲಿ ಒಂದಷ್ಟು ಸಲ ಅಲ್ಲಿರುವವರನ್ನ ಹೊರಗೆ ಕರೆದುಕೊಂಡು ಹೋಗುತ್ತೇವೆ. ಎಲ್ಲಿಗೆ ಹೋಗೋಣ ಅಂತ ಕೇಳಿದರೆ ಅರ್ಧಕ್ಕರ್ಧ ಜನ ಬೀಮಿಷ್ ಅನ್ನುತ್ತಾರೆ. ಈ ಸಲ ನನ್ನ ಪಾಲಿಗೆ ಬಂದವರು ಇಬ್ಬರು. ಒಬ್ಬರು 1938ರಲ್ಲಿ ಹುಟ್ಟಿ, ಹದಿನೈದಕ್ಕೇ ಗಣಿ ಸೇರಿದ ತಾತ. ಇನ್ನೊಬ್ಬರು ಅವರಿಗಿಂತ ಮೂರು ವರ್ಷ ಚಿಕ್ಕವರಾದ ಅಜ್ಜಿ. ಅವರ ಅಪ್ಪ, ಅಣ್ಣಂದಿರು ಎಲ್ಲ ಗಣಿಯವರೇ. ಹೋಮ್‌ನಲ್ಲಿ ಎಲ್ಲರೂ ಇವರನ್ನ ಹೆಸರು ಹಿಡಿದೇ ಕರೆಯೋದು, ನಾನೂ ಹಾಗೇ. ಇಲ್ಲಿ ಬರೆಯುವಾಗ ಮಾತ್ರ ತಾತ, ಅಜ್ಜಿ ಅನ್ನುತ್ತೇನೆ. ಅವರಿಬ್ಬರಿಗೂ ನಾನು "ಪೆಟ್", ಅಂದರೆ ಚಿನ್ನ, ಮುದ್ದು ಅನ್ನೋ ಥರ. ಈ ಕಡೆ ಬಸ್ ಡ್ರೈವರ್‌ನಿಂದ ಹಿಡಿದು ಡಾಕ್ಟರ್‌ವರೆಗೆ ಎಲ್ಲರ ಬಾಯಲ್ಲೂ ಅದೇ.

ಗೊತ್ತಿಲ್ಲದವರಿಗೆ ಒಂದು ಮಾತಲ್ಲಿ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಈಶಾನ್ಯದಲ್ಲಿ, ಕೌಂಟಿ ಡರ್ಹಮ್‌ನ ಸ್ಟ್ಯಾನ್ಲಿ ಊರಿನ ಪಕ್ಕ, ಸುಮಾರು 350 ಎಕರೆ ಜಾಗದಲ್ಲಿರುವ ಬಯಲು ಮ್ಯೂಸಿಯಂ ಇದು. ಗಾಜಿನ ಪೆಟ್ಟಿಗೆ, ಮುಟ್ಟಬೇಡಿ ಅನ್ನುವ ಬೋರ್ಡು, ಇದೆಲ್ಲ ಇಲ್ಲಿ ತೀರಾ ಕಡಿಮೆ. ಬೇರೆ ಬೇರೆ ಊರುಗಳಲ್ಲಿದ್ದ ಹಳೇ ಮನೆ, ಅಂಗಡಿ, ಶಾಲೆ, ಸ್ಟೇಷನ್ನುಗಳನ್ನ ಬಿಚ್ಚಿ ತಂದು ಇಲ್ಲಿ ಮತ್ತೆ ಕಟ್ಟಿದ್ದಾರೆ. ತರೋಕೆ ಆಗದ ಕಡೆ ಅದರ ಹಾಗೇ ಹೊಸದಾಗಿ ಕಟ್ಟಿದ್ದಾರೆ. ಒಂದು ಮೂಲೆಯಲ್ಲಿ 1820ರ ದಶಕ, ಇನ್ನೊಂದರಲ್ಲಿ ಮೊದಲ ಮಹಾಯುದ್ಧಕ್ಕೆ ಮುಂಚಿನ ಹಳ್ಳಿ ಮತ್ತು ಪೇಟೆ, ಮತ್ತೊಂದರಲ್ಲಿ 1940ರ ದಶಕದ ಹೊಲಮನೆ, ಕೊನೆಗೆ 1950ರ ದಶಕದ ಪೇಟೆ. ನಡುವೆ ಓಡಾಡೋಕೆ ಟ್ರಾಮು, ಬಸ್ಸು.

ಪಿಟ್ ವಿಲೇಜ್‌ನಲ್ಲಿ ಮೊದಲು ಸಿಗೋದು ಫ್ರಾನ್ಸಿಸ್ ಸ್ಟ್ರೀಟ್‌ನ ಸಾಲು ಮನೆಗಳು. ಹೆಟನ್-ಲೆ-ಹೋಲ್ ಅನ್ನುವ ಊರಿನಿಂದ ತಂದವು. 1860ರ ದಶಕದಲ್ಲಿ ಅಲ್ಲಿನ ಕಲ್ಲಿದ್ದಲು ಕಂಪನಿ ತನ್ನ ಕೆಲಸಗಾರರಿಗೆ ಕಟ್ಟಿಸಿದ್ದು. ಒಂದು ಮೆಥಡಿಸ್ಟ್ ಕುಟುಂಬದ ಮನೆ, ಒಂದು ಐರಿಷ್ ಕ್ಯಾಥೊಲಿಕ್ ಕುಟುಂಬದ ಮನೆ, ಒಂದು ವಿಧವೆಯ ಮನೆ. ಒಂದರ ಪಕ್ಕ ಒಂದು. ಹೊರಗಿನಿಂದ ಎಲ್ಲ ಒಂದೇ ಥರ. ಒಳಗೆ ಹೋದರೆ ಗೋಡೆಯ ಮೇಲಿನ ಪಟ ನೋಡಿಯೇ ಯಾರ ಮನೆ ಅಂತ ಗೊತ್ತಾಗುತ್ತದೆ.

ಅಜ್ಜಿ ಬಾಗಿಲ ಹತ್ರ ನಿಂತರು. ನಾನು ಒಲೆ ತೋರಿಸಬೇಕು ಅಂತಿದ್ದೆ. ಅವರು ನೋಡಿದ್ದು ನೆಲಕ್ಕೆ ಹಾಸಿದ್ದ ಪ್ರಾಗಿ ಮ್ಯಾಟ್. ಹಳೇ ಕೋಟು, ಹರಿದ ಪ್ಯಾಂಟು, ಕಂಬಳಿ ಎಲ್ಲವನ್ನೂ ಬೆರಳುದ್ದ ಕತ್ತರಿಸಿ, ಗೋಣಿಬಟ್ಟೆಗೆ ಚುಚ್ಚಿ ಚುಚ್ಚಿ ಮಾಡುವ ಮ್ಯಾಟು ಅದು. ಚಳಿಗಾಲದ ಸಂಜೆ ಮನೆಮಂದಿಯೆಲ್ಲ ಮರದ ಚೌಕಟ್ಟಿನ ಸುತ್ತ ಕೂತು ಚುಚ್ಚುತ್ತಿದ್ದರಂತೆ. ಮಕ್ಕಳಿಗೂ ಒಂದು ಮೂಲೆ. ಹೊಸ ಮ್ಯಾಟು ಕ್ರಿಸ್‌ಮಸ್‌ಗೆ ಒಲೆ ಮುಂದೆ ಬರುತ್ತಿತ್ತು. ಒಲೆ ಮುಂದಿದ್ದ ಹಳೇದು ಹಿಂದಿನ ಅಡುಗೆಮನೆಗೆ ಹೋಗುತ್ತಿತ್ತು. ಅಲ್ಲಿದ್ದದ್ದು ಹಿತ್ತಲಿಗೆ. "ಮಧ್ಯದಲ್ಲಿ ಕೆಂಪು ಚೌಕ ಇರಲೇಬೇಕು" ಅಂದರು ಅಜ್ಜಿ. "ಕೆಂಪು ಬಟ್ಟೆ ಸಿಗೋದೇ ಕಷ್ಟ. ಯಾರದ್ದೋ ಕೆಂಪು ಕೋಟು ಹಳೇದಾಗೋದನ್ನೇ ನಮ್ಮಮ್ಮ ಕಾಯ್ತಿದ್ಲು." ಆಮೇಲೆ ಬಗ್ಗಿ ಒಂದು ತುಂಡನ್ನ ಬೆರಳಲ್ಲಿ ಉಜ್ಜಿ ನೋಡಿ, ಇದು ಪೊಲೀಸಿನವರ ಟ್ಯೂನಿಕ್ ಬಟ್ಟೆ ಇದ್ದಂಗಿದೆ ಅಂದರು. ಮನೆಯಲ್ಲಿ ಹಳೇ ಕಾಲದ ಉಡುಪು ಹಾಕಿಕೊಂಡು ಕೂತಿದ್ದ ಸಿಬ್ಬಂದಿ ಹೆಂಗಸು ಕುರ್ಚಿ ಎಳೆದು ಹತ್ತಿರ ಬಂದರು.

ಬೀಮಿಷ್‌ನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ಒಳಗಿನವರು ಪಾಠ ಒಪ್ಪಿಸೋದಿಲ್ಲ. ಕೇಳುತ್ತಾರೆ. "ನಿಮ್ಮನೇಲಿ ಬ್ರೆಡ್ ಯಾವ ವಾರ ಮಾಡ್ತಿದ್ರಿ?" "ಸ್ನಾನದ ತೊಟ್ಟಿ ಎಲ್ಲಿ ನೇತಾಕ್ತಿದ್ರಿ?" ಅಜ್ಜಿ ಉತ್ತರ ಕೊಡುತ್ತಾ ಹೋದರು. ಪಕ್ಕದಲ್ಲಿ ನಿಂತಿದ್ದ ಅಪರಿಚಿತರೂ ಸೇರಿಕೊಂಡರು. ಸಂಡರ್‌ಲ್ಯಾಂಡ್‌ನಿಂದ ಬಂದಿದ್ದ ಇನ್ನೊಬ್ಬ ಅಜ್ಜಿ, ನಮ್ಮ ಕಡೆ ಸೋಮವಾರ ಬಟ್ಟೆ ಒಗೆಯೋದು ಅಂದರು. ಇವರು, ಎಲ್ಲ ಕಡೆನೂ ಸೋಮವಾರವೇ, ಬೇರೆ ದಿನ ಒಗೆದ್ರೆ ಬೀದಿಯವರು ಸುಮ್ನೆ ಬಿಡ್ತಿದ್ರಾ ಅಂದರು. ಅಲ್ಲಿಂದ ಹಿತ್ತಲ ಬೀದಿಯ ಕಥೆ ಶುರುವಾಯಿತು. ಎರಡು ಸಾಲು ಮನೆಗಳ ಹಿಂದಿನ ಓಣಿಯಲ್ಲಿ ಅಡ್ಡಡ್ಡ ಹಗ್ಗ ಕಟ್ಟಿ ಬಟ್ಟೆ ಒಣಗಹಾಕುತ್ತಿದ್ದರು. ಅದೇ ಓಣಿಯಲ್ಲಿ ಕಲ್ಲಿದ್ದಲ ಗಾಡಿಯೂ ಬರಬೇಕು. ಗಣಿಯವರ ಮನೆಗೆ ಕಂಪನಿಯಿಂದ ಕಲ್ಲಿದ್ದಲು ಬರುತ್ತಿತ್ತಲ್ಲ, ಅದು. ಗಾಡಿಯವನು ಸೋಮವಾರವೇ ಬಂದರೆ ಮುಗೀತು, ಬಿಳಿ ಬೆಡ್‌ಶೀಟಿಗೂ ಕರೀ ಧೂಳಿಗೂ ಜಗಳ. ಲೋಡನ್ನ ಬಾಗಿಲ ಮುಂದೆ ಸುರಿದು ಹೋಗಿಬಿಡುವನು. ಸಲಿಕೆ ಹಿಡಿದು ಗೂಡಿಗೆ ತುಂಬೋದು ಮಕ್ಕಳ ಕೆಲಸ. ಬೀದಿಯಲ್ಲಿ ಗಂಡ ಸತ್ತವರ ಮನೆ ಇದ್ದರೆ ಅವರ ಕಲ್ಲಿದ್ದಲನ್ನ ಮೊದಲು ತುಂಬಿಕೊಡಬೇಕಿತ್ತಂತೆ. ಅದಕ್ಕೆ ಕಾಸು ಕೇಳಿದರೆ ಅಪ್ಪನ ಕೈಲಿ ಏಟು.

ಒಲೆ ಹತ್ರ ತಾತನದ್ದೇ ಬೇರೆ ತಕರಾರು. ಉರಿ ನೋಡಿ ಮೂಗು ಮುರಿದರು. ಇದು ಡರ್ಹಮ್ ಕಲ್ಲಿದ್ದಲೇ ಅಲ್ಲ ಅಂದರು. ಮಾತು ನಿಜವೇ ಇರಬೇಕು. ಡರ್ಹಮ್ ಸೀಮೆಯ ಕೊನೆಯ ಆಳದ ಗಣಿ, ಸಂಡರ್‌ಲ್ಯಾಂಡಿನ ಮಂಕ್‌ವೇರ್‌ಮೌತ್, 1993ರಲ್ಲೇ ಮುಚ್ಚಿಹೋಯಿತು. ಆ ಜಾಗದಲ್ಲಿ ಈಗ ಫುಟ್‌ಬಾಲ್ ಸ್ಟೇಡಿಯಂ ಇದೆ. ಒಂದು ಕಾಲದಲ್ಲಿ ಲಕ್ಷಕ್ಕೂ ಮೀರಿದ ಗಂಡಸರು ಭೂಮಿಯೊಳಗೆ ಇಳಿಯುತ್ತಿದ್ದ ಕೌಂಟಿಯಲ್ಲಿ ಈಗ ಉರಿಯೋ ಕಲ್ಲಿದ್ದಲು ಹೊರಗಿನಿಂದ ಬರಬೇಕು.

ಒಲೆ ಮುಂದೆ ತಗಡಿನ ಸ್ನಾನದ ತೊಟ್ಟಿ ಇತ್ತು. ಅದನ್ನ ನೋಡಿದ್ದೇ ಇಬ್ಬರೂ ಒಟ್ಟಿಗೆ ನಕ್ಕರು. ಗಣಿಗಳಲ್ಲೇ ಸ್ನಾನದ ಮನೆ ಕಟ್ಟಿಸಲು ದುಡ್ಡು ಕೂಡಿಸುವ ಕಾನೂನು 1926ರಲ್ಲಿ ಬಂತು. ಆದರೆ ಊರೂರಿಗೆ ಅದು ಬರುವ ಹೊತ್ತಿಗೆ ವರ್ಷಗಳೇ ಕಳೆದವು. ಅಲ್ಲಿಯವರೆಗೂ ಮೈತುಂಬ ಮಸಿ ಹಚ್ಚಿಕೊಂಡು ಮನೆಗೆ ಬಂದು ಒಲೆ ಮುಂದೆ ಕೂತು ಸ್ನಾನ. ಅಜ್ಜಿಯ ಮನೆಯಲ್ಲಿ ಅಪ್ಪ ಒಂದು ಪಾಳಿ, ಇಬ್ಬರು ಅಣ್ಣಂದಿರು ಬೇರೆ ಬೇರೆ ಪಾಳಿ. ಅಂದರೆ ಅಮ್ಮನಿಗೆ ಇಪ್ಪತ್ನಾಲ್ಕು ಗಂಟೆಯೂ ನೀರು ಕಾಯಿಸುವ ಪಾಳಿ. ಬೆನ್ನು ಮಾತ್ರ ತೊಳೆಯಲು ಬಿಡುತ್ತಿರಲಿಲ್ಲವಂತೆ ಅಪ್ಪ. ಬೆನ್ನು ತೊಳೆದರೆ ಸೊಂಟದ ಬಲ ಹೋಗುತ್ತದೆ ಅನ್ನುವ ನಂಬಿಕೆ. ಸಿಬ್ಬಂದಿಗೂ ಅದು ಗೊತ್ತಿತ್ತು. ಪ್ರವಾಸಿಗರಿಗೆ ಗೊತ್ತಿರಲಿಲ್ಲ. ಅಮೆರಿಕದಿಂದ ಬಂದಿದ್ದ ಒಬ್ಬರು ಇದನ್ನ ಫೋನಲ್ಲಿ ಬರೆದುಕೊಂಡರು.

ಮನೆ ಹಿಂದೆ ನೆಟ್ಟಿ ಇದೆ. ಕಕ್ಕಸಿಗೆ ಈ ಕಡೆಯವರು ಹೇಳೋದೇ ಹಾಗೆ. ಬೂದಿ ಸುರಿದು ಮುಚ್ಚುವ ಕಾಲದ್ದು. ಮೊಳೆಗೆ ಚೌಕ ಚೌಕ ಕತ್ತರಿಸಿದ ಪೇಪರ್ ಸಿಕ್ಕಿಸುವುದು ಮಕ್ಕಳ ಕೆಲಸವಾಗಿತ್ತು, ಕಾದಂಬರಿ ಧಾರಾವಾಹಿ ಬರುವ ಪುಟ ಮಾತ್ರ ಕತ್ತರಿಸುವ ಹಾಗಿರಲಿಲ್ಲ ಅಂದರು ಅಜ್ಜಿ.

ಅಲ್ಲಿಂದ ಸ್ವಲ್ಪ ದೂರಕ್ಕೆ ಮಹೋಗನಿ ಡ್ರಿಫ್ಟ್. ಇದು ಮ್ಯೂಸಿಯಂಗೆ ಅಂತ ಕೊರೆದದ್ದಲ್ಲ, ನಿಜವಾದ ಗಣಿ. 1855ರಲ್ಲಿ ತೆರೆದದ್ದು, ಆಮೇಲೆ ಮುಚ್ಚಿ, 1921ರಲ್ಲಿ ಮತ್ತೆ ತೆರೆದು, 1958ರವರೆಗೆ ಕೆಲಸ ನಡೆದಿದೆ. ಹೆಲ್ಮೆಟ್ ಕೊಡುತ್ತಾರೆ. ತಲೆ ಬಗ್ಗಿಸಿಯೇ ನಡೆಯಬೇಕು. ಎತ್ತರದವರು ಬೆನ್ನು ಹಿಡಿದುಕೊಂಡು ಹೊರಗೆ ಬರುವುದನ್ನ ನೋಡೋದೇ ಒಂದು ತಮಾಷೆ. ಮಂಡಿ ನೋವಿರುವವರಿಗೆ, ಇಕ್ಕಟ್ಟಿನ ಜಾಗ ಅಂದರೆ ಭಯ ಇರುವವರಿಗೆ ಇದು ಬೇಡ. ತಾತ ಗಣಿಯ ಬಾಯಿಯವರೆಗೆ ಬಂದು, ನಾನು ನೋಡಿದ್ದು ಸಾಕು, ನೀನು ಹೋಗಿ ಬಾ ಪೆಟ್ ಅಂದರು. ನಾನು ಹೋಗಿ ಬಂದೆ. ಒಳಗೆ ಗೈಡು ದೀಪ ಒಂದು ಕ್ಷಣ ಆರಿಸುತ್ತಾರೆ. ಕಣ್ಣು ಮುಚ್ಚಿದರೂ ತೆರೆದರೂ ಒಂದೇ.

ಹೊರಗೆ ಬಂದರೆ ತಾತ ಇಲ್ಲ. ಗಾಬರಿಯಾಗಿ ಹುಡುಕಿದರೆ ಕುದುರೆ ಲಾಯದ ಮುಂದೆ ನಿಂತಿದ್ದಾರೆ. ಗಣಿಯೊಳಗೆ ತೊಟ್ಟಿಗಾಡಿ ಎಳೆಯುತ್ತಿದ್ದ ಗಿಡ್ಡ ಕುದುರೆಗಳಿಗೆ ಇವರು ಗ್ಯಾಲವಾ ಅನ್ನುತ್ತಾರೆ. 1953ರಲ್ಲಿ ತಾತ ಗಣಿ ಸೇರಿದಾಗ ಮೊದಲು ಮೇಲೆ ಸ್ಕ್ರೀನ್ಸ್‌ನಲ್ಲಿ ಕೆಲಸ, ಅಂದರೆ ಓಡುವ ಬೆಲ್ಟ್ ಮೇಲೆ ಬರುವ ಕಲ್ಲಿದ್ದಲಿನಿಂದ ಕಲ್ಲು ಆರಿಸೋದು. ವರ್ಷದ ನಂತರ ಕೆಳಗೆ ಇಳಿಸಿ ಒಂದು ಕುದುರೆ ಕೊಟ್ಟರಂತೆ. "ನನಗಿಂತ ಅದಕ್ಕೇ ಸರ್ವಿಸ್ ಜಾಸ್ತಿ" ಅಂದರು. ಎಷ್ಟು ತೊಟ್ಟಿ ಕೊಂಡಿ ಹಾಕಿದರು ಅಂತ ಸದ್ದಲ್ಲೇ ಎಣಿಸುತ್ತಿತ್ತು. ಒಂದು ಜಾಸ್ತಿ ಆದರೂ ಕಾಲು ಎತ್ತುತ್ತಿರಲಿಲ್ಲ. ಇನ್ನು ಬೇಟ್, ಅಂದರೆ ಡಬ್ಬಿಯ ಊಟ. ತಾತನ ಡಬ್ಬಿಯ ಮುಚ್ಚಳವನ್ನ ಹಲ್ಲಲ್ಲಿ ಕಚ್ಚಿ ತೆಗೆದು ಜಾಮ್ ಹಚ್ಚಿದ ಬ್ರೆಡ್ ತಿನ್ನುವುದನ್ನ ಕಲಿತುಬಿಟ್ಟಿತ್ತು. ಬೇರೆಯವರ ಡಬ್ಬಿಯಲ್ಲಿ ಚೀಸ್ ಇರುತ್ತಿತ್ತು, ಅದನ್ನ ಮುಟ್ಟುತ್ತಿರಲಿಲ್ಲ. ಅಲ್ಲೇ ಶಾಲಾ ಮಕ್ಕಳ ಒಂದು ಗುಂಪು ಬಂದಿತ್ತು. ಹುಡುಗರು ಚಪ್ಪಟೆ ಟೋಪಿ, ಹುಡುಗಿಯರು ಏಪ್ರನ್ನು. ಕುದುರೆ ಬ್ರೆಡ್ ಕದೀತಿತ್ತು ಅಂತ ಕೇಳಿದ್ದೇ ತಡ, ಟೀಚರನ್ನ ಬಿಟ್ಟು ಇವರ ಸುತ್ತ ಮುತ್ತಿಕೊಂಡರು. ಒಬ್ಬ ಹುಡುಗ, ನಿಮಗೆ ಹೊಟ್ಟೆ ಹಸೀತಿರಲಿಲ್ವಾ ಅಂತ ಕೇಳಿದ. ಹಸೀತಿತ್ತು, ಅದಕ್ಕೇ ಮಾರನೇ ದಿನದಿಂದ ಅದಕ್ಕೂ ಒಂದು ತುಂಡು ತರ್ತಿದ್ದೆ ಅಂದರು.

ಶಾಲೆ ಇಲ್ಲೇ ಪಕ್ಕದಲ್ಲಿದೆ, ಈಸ್ಟ್ ಸ್ಟ್ಯಾನ್ಲಿಯಿಂದ ತಂದದ್ದು. ಅಂಗಳದಲ್ಲಿ ಬೂಲರ್ ಓಡಿಸಬಹುದು. ಕಬ್ಬಿಣದ ಬಳೆ, ಒಂದು ಕಡ್ಡಿ, ಅಷ್ಟೇ. ಮಕ್ಕಳನ್ನ ಅಲ್ಲಿಂದ ಎಬ್ಬಿಸಿಕೊಂಡು ಹೋಗೋಕೆ ಅರ್ಧ ಗಂಟೆ ಹೆಚ್ಚು ಇಟ್ಟುಕೊಳ್ಳಿ.

ಊಟದ ವಿಷಯ. ಹಳ್ಳಿಯಲ್ಲೇ ಡೇವೀಸ್ ಅನ್ನುವ ಮೀನು-ಚಿಪ್ಸ್ ಅಂಗಡಿ ಇದೆ. ವಿನ್ಲಾಟನ್ ಮಿಲ್ ಊರಿನಲ್ಲಿ ಕಲ್ಲಿದ್ದಲ ಒಲೆಯಲ್ಲೇ ಕರಿಯುತ್ತಿದ್ದ ಅಂಗಡಿಯ ನೆನಪಿಗೆ ಆ ಹೆಸರು. ಇಲ್ಲಿಯೂ ಕಲ್ಲಿದ್ದಲ ಬೆಂಕಿಯೇ, ಕರಿಯೋದು ಬೀಫ್ ಡ್ರಿಪ್ಪಿಂಗ್‌ನಲ್ಲಿ, ಅಂದರೆ ದನದ ಕೊಬ್ಬಿನಲ್ಲಿ. ಆಲೂಗಡ್ಡೆ ತಾನೇ ಅಂತ ಸಸ್ಯಾಹಾರಿಗಳು ಚಿಪ್ಸ್‌ಗೆ ಕೈ ಹಾಕಬೇಡಿ. ನಾನು ಮನೆಯಿಂದ ಡಬ್ಬಿ ಕಟ್ಟಿಕೊಂಡು ಹೋಗಿದ್ದೆ. ತಾತ, ಅಜ್ಜಿ ಒಂದು ಪೊಟ್ಟಣ ತೆಗೆದುಕೊಂಡು ಹಂಚಿಕೊಂಡರು. ವಿನಿಗರ್ ಸುರಿದಿದ್ದೇ ಸುರಿದಿದ್ದು. ಮಧ್ಯಾಹ್ನ ಒಂದು ಗಂಟೆಗೆ ಕ್ಯೂ ಮೈಲುದ್ದ ಇರುತ್ತದೆ, ಹನ್ನೊಂದೂವರೆಗೇ ಹೋಗಿ ನಿಂತುಬಿಡಿ. ರುಚಿ ಹೇಗಿದೆ ಅಂತ ಕೇಳಿದ್ದಕ್ಕೆ ತಾತ ಉತ್ತರ ಕೊಡಲಿಲ್ಲ, ಪೇಪರಿನ ಮೂಲೆಯಲ್ಲಿ ಉಳಿದಿದ್ದ ಕರಿದ ಹಿಟ್ಟಿನ ಚೂರುಗಳನ್ನ ಬೆರಳಲ್ಲಿ ಒತ್ತಿ ಒತ್ತಿ ತಿನ್ನುತ್ತಿದ್ದರು.

ಈ ಮ್ಯೂಸಿಯಂ ಹುಟ್ಟಿದ ಕಥೆ ಗೊತ್ತಿದ್ದರೆ ನೋಡುವ ಕಣ್ಣೇ ಬದಲಾಗುತ್ತದೆ. ಫ್ರಾಂಕ್ ಅಟ್‌ಕಿನ್ಸನ್ ಅಂತ ಒಬ್ಬರು. ಯಾರ್ಕ್‌ಷೈರಿನ ಬಾರ್ನ್ಸ್‌ಲಿ ಕಡೆಯವರು, ಅದೂ ಗಣಿ ಸೀಮೆಯೇ. 1952ರಲ್ಲಿ ಸ್ಕ್ಯಾಂಡಿನೇವಿಯಾಕ್ಕೆ ಹೋಗಿ ಅಲ್ಲಿನ ಬಯಲು ಮ್ಯೂಸಿಯಂಗಳನ್ನ ನೋಡಿಕೊಂಡು ಬಂದರು. 1958ರಲ್ಲಿ ಡರ್ಹಮ್‌ನ ಬೌಸ್ ಮ್ಯೂಸಿಯಂ ನಿರ್ದೇಶಕರಾದರು. ಅಲ್ಲಿ ಇದ್ದದ್ದೆಲ್ಲ ಶ್ರೀಮಂತರ ಚಿತ್ರ, ಪಿಂಗಾಣಿ, ಪೀಠೋಪಕರಣ. ಇವರಿಗೆ ಬೇಕಾಗಿದ್ದು ಮಾಮೂಲಿ ಜನರ ಮನೆಯ ಸಾಮಾನು. ಯಾವುದು ಬೆಲೆಬಾಳುತ್ತೆ, ಯಾವುದು ಬಾಳಲ್ಲ ಅಂತ ಆರಿಸಲೇ ಇಲ್ಲ. ನೀವು ಏನು ಕೊಟ್ಟರೂ ತಗೊಳ್ತೀವಿ ಅಂತ ಸಾರಿಬಿಟ್ಟರು. ಜನ ಕೊಟ್ಟರು ನೋಡಿ! ಇಸ್ತ್ರಿಪೆಟ್ಟಿಗೆಯಿಂದ ಹಿಡಿದು ಉಗಿ ಎಂಜಿನ್‌ವರೆಗೆ. ಇಡೋಕೆ ಜಾಗ ಸಾಲದೆ ಬ್ರಾನ್ಸ್‌ಪೆತ್‌ನಲ್ಲಿದ್ದ ಹಳೇ ಮಿಲಿಟರಿ ಕ್ಯಾಂಪಿನ ಶೆಡ್ಡುಗಳಲ್ಲಿ ತುಂಬಿದರು. 1970ರಲ್ಲಿ ಮ್ಯೂಸಿಯಂ ಸ್ಥಾಪನೆಯಾಯಿತು, 1972ರಲ್ಲಿ ಈ ಜಾಗದಲ್ಲಿ ಬಾಗಿಲು ತೆರೆಯಿತು. 1987ರಲ್ಲಿ ಯುರೋಪಿನ ವರ್ಷದ ಮ್ಯೂಸಿಯಂ. 2025ರಲ್ಲಿ ಬ್ರಿಟನ್ನಿನ ಆರ್ಟ್ ಫಂಡ್ ಕೊಡುವ ವರ್ಷದ ಮ್ಯೂಸಿಯಂ ಪ್ರಶಸ್ತಿ, 1,20,000 ಪೌಂಡ್, ಅದೂ ಇವರಿಗೇ ಬಂತು.

ಅಷ್ಟು ಸಾಮಾನು ಒಮ್ಮೆಗೇ ಹೊರಬರೋಕೆ ಇನ್ನೊಂದು ಕಾರಣವೂ ಇತ್ತು. 1951ರಲ್ಲಿ ಡರ್ಹಮ್ ಕೌಂಟಿ ಕೌನ್ಸಿಲ್ ಒಂದು ಯೋಜನೆ ಮಾಡಿತು. ಹಳ್ಳಿಗಳನ್ನ ಎ, ಬಿ, ಸಿ, ಡಿ ಅಂತ ವಿಂಗಡಿಸಿತು. ಡಿ ಗುಂಪಿಗೆ ಬಿದ್ದವು 114 ಹಳ್ಳಿಗಳು. ಗಣಿ ಮುಚ್ಚುತ್ತಿರುವ ಊರುಗಳು ಅವು. ಅಲ್ಲಿ ಹೊಸ ಮನೆ ಇಲ್ಲ, ಹೊಸದಾಗಿ ದುಡ್ಡು ಹಾಕೋದಿಲ್ಲ, ಹಳೇ ಮನೆ ಬಿದ್ದ ಹಾಗೆ ಜನರನ್ನ ಬೇರೆ ಊರಿಗೆ ಸಾಗಿಸುವುದು. 1977ರವರೆಗೆ ಆ ನೀತಿ ಇತ್ತು. ತಾತನ ಊರು ಡಿ. ಗಣಿ ಮುಚ್ಚಿದಾಗ ಅವರು ಕಡಲ ಕಡೆಯ ದೊಡ್ಡ ಗಣಿಗೆ ಹೋದರು, ಊರವರು ಚದುರಿದರು, ಬೀದಿಗಳನ್ನ ಕೆಡವಿದರು. ಈಗ ಅಲ್ಲಿ ಹುಲ್ಲುಗಾವಲು, ಒಂದು ಬಸ್ ಸ್ಟಾಪು. ತಾತ ಇದನ್ನ ಬೇಜಾರಿಲ್ಲದೆ ಹೇಳುತ್ತಾರೆ. "ನನಗೆ ಹುಟ್ಟಿದೂರು ನೋಡ್ಬೇಕು ಅಂದ್ರೆ ಟಿಕೆಟ್ ತಗೊಂಡು ಇಲ್ಲಿಗೇ ಬರ್ಬೇಕು ಪೆಟ್. ಅದೂ ಬೇರೆಯವರ ಊರಿನ ಮನೆ."

ಟೌನ್, ಅಂದರೆ ಮಹಾಯುದ್ಧಕ್ಕೆ ಮುಂಚಿನ ಪೇಟೆ, ಅದರ ಬಗ್ಗೆ ಜಾಸ್ತಿ ಹೇಳಲ್ಲ. ಚೆನ್ನಾಗಿದೆ. ಬ್ಯಾಂಕು, ದಂತವೈದ್ಯರ ಮನೆ, ಬಿಷಪ್ ಆಕ್‌ಲ್ಯಾಂಡ್‌ನಿಂದ ತಂದ ಸನ್ ಇನ್ ಪಬ್ಬು, ಎಲ್ಲ ಇದೆ. ಸ್ವಲ್ಪ ತೊಳೆದಿಟ್ಟ ಹಾಗಿದೆ. ಎರಡು ಕಡೆ ಮಾತ್ರ ನಿಲ್ಲಿ. ಒಂದು ಆನ್‌ಫೀಲ್ಡ್ ಪ್ಲೇನ್‌ನಿಂದ ತಂದ ಕೋ-ಆಪ್, ಅಂದರೆ ಸಹಕಾರ ಸಂಘದ ಅಂಗಡಿ. ನೀವು ಕೊಟ್ಟ ದುಡ್ಡನ್ನ ಒಂದು ಟೊಳ್ಳು ಚೆಂಡಿನಲ್ಲಿಟ್ಟು ಮೇಲಕ್ಕೆ ಎತ್ತಿದರೆ, ಅದು ಚಾವಣಿಯ ಹಳಿ ಮೇಲೆ ಉರುಳಿಕೊಂಡು ಕ್ಯಾಷಿಯರ್ ಹತ್ರ ಹೋಗುತ್ತದೆ. ಚಿಲ್ಲರೆ ಅದೇ ದಾರಿಯಲ್ಲಿ ವಾಪಸ್. ಕೋ-ಆಪ್‌ನಲ್ಲಿ ಸದಸ್ಯರಿಗೆ ಖರೀದಿಗೆ ತಕ್ಕ ಹಾಗೆ ಲಾಭದ ಪಾಲು ಸಿಗುತ್ತಿತ್ತು, ಅದೇ ಡಿವಿ. ಪ್ರತಿ ಮನೆಗೆ ಒಂದು ನಂಬರು. ಅಜ್ಜಿಗೆ ಈಗ ನಮ್ಮ ಹೋಮ್‌ನಲ್ಲಿ ತಮ್ಮ ರೂಮ್ ನಂಬರ್ ಕೆಲವು ದಿನ ನೆನಪಿರೋದಿಲ್ಲ. ಕೌಂಟರ್ ಮುಂದೆ ನಿಂತದ್ದೇ ಅಮ್ಮನ ಡಿವಿ ನಂಬರನ್ನ ಶಾಲೆ ಮಕ್ಕಳು ಮಗ್ಗಿ ಹೇಳುವ ಹಾಗೆ ಒಂದೇ ಉಸಿರಲ್ಲಿ ಹೇಳಿದರು. ಕೌಂಟರಿನವರು ಪುಸ್ತಕ ತೆಗೆದು ಬರೆದುಕೊಂಡ ಹಾಗೆ ಮಾಡಿದರು. ಆ ಒಂದು ನಟನೆಗೇ ನಾನು ಅವರಿಗೆ ಪೂರ್ತಿ ಅಂಕ ಕೊಡುತ್ತೇನೆ.

ಇನ್ನೊಂದು ಮಿಠಾಯಿ ಅಂಗಡಿ. ಅಂಗಡಿಯ ಹಿಂಭಾಗದಲ್ಲಿ ತಾಮ್ರದ ಬಾಣಲೆಯಲ್ಲಿ ಸಕ್ಕರೆ ಪಾಕ ಕುದಿಸಿ, ಕಲ್ಲಿನ ಹಲಗೆ ಮೇಲೆ ಸುರಿದು, ಹಿತ್ತಾಳೆ ರೋಲರಿನಲ್ಲಿ ಹಾಯಿಸುತ್ತಾರೆ. ಪಾಕ ಇನ್ನೂ ಬಿಸಿ ಇರುವಾಗಲೇ ಹಾಳೆಯಾಗಿ ಬಂದು, ಆರಿದ ಮೇಲೆ ತಟ್ಟಿದರೆ ಪುಟ್ಟ ಪುಟ್ಟ ಮಿಠಾಯಿಗಳಾಗಿ ಬೇರೆಯಾಗುತ್ತದೆ. ಯುದ್ಧದ ಕಾಲದಿಂದ ಇದ್ದ ಮಿಠಾಯಿ ರೇಷನ್ ಎದ್ದದ್ದು 1953ರ ಫೆಬ್ರವರಿ 5ಕ್ಕೆ. ಅಜ್ಜಿಗೆ ಆಗ ಹನ್ನೊಂದೋ ಹನ್ನೆರಡೋ. ಶಾಲೆಯಿಂದ ಓಡಿಹೋಗಿ ಕೂಪನ್ ಇಲ್ಲದೆ ಕೇಳಿದರಂತೆ, ಅಂಗಡಿಯವರು ಕೊಟ್ಟೇಬಿಟ್ಟರಂತೆ. ಕೊಟ್ಟಿದ್ದು ಬ್ಲಾಕ್ ಬುಲೆಟ್, ಕರೀ ಬಣ್ಣದ ಪುದೀನ ಮಿಠಾಯಿ. ಇವತ್ತೂ ಅದನ್ನೇ ಕೊಂಡರು. ನನಗೆ ಸಿಂಡರ್ ಟಾಫಿ ಇಷ್ಟವಾಯಿತು.

1950ರ ಪೇಟೆ 2022ರಿಂದ ಇದೆ. ವೀಲ್‌ಚೇರ್ ತಳ್ಳುವವರಿಗೆ ಇಲ್ಲಿ ಓಡಾಡೋದು ಹಳ್ಳಿಗಿಂತ ಸುಲಭ. ಲೀಸಿಂಗ್‌ಥಾರ್ನ್ ಊರಿನ ಗಣಿ ಕೆಲಸಗಾರರ ವೆಲ್ಫೇರ್ ಹಾಲನ್ನ, ಅಂದರೆ ಸಮುದಾಯ ಭವನವನ್ನ, ಹಾಗೇ ಕಟ್ಟಿದ್ದಾರೆ. ಅದರೊಳಗೆ ಎನ್‌ಎಚ್‌ಎಸ್ ಕ್ಲಿನಿಕ್. 1948ರ ಜುಲೈ 5ಕ್ಕೆ ಶುರುವಾದ ಸರ್ಕಾರಿ ವೈದ್ಯಸೇವೆಯ ಮೊದಲ ವರ್ಷಗಳ ರೂಪ. ಮಕ್ಕಳಿಗೆ ಕೊಡುತ್ತಿದ್ದ ಕಿತ್ತಳೆ ರಸದ ಬಾಟಲಿ, ಮೀನೆಣ್ಣೆ. ಮೀನೆಣ್ಣೆ ಅಂದ ತಕ್ಷಣ ಇಬ್ಬರ ಮುಖವೂ ಒಂದೇ ಥರ ಕಿವುಚಿಕೊಂಡಿತು. ಪಕ್ಕದ ಬೀದಿಯಲ್ಲಿ ನಾರ್ಮನ್ ಕಾರ್ನಿಷ್ ಅವರ ಮನೆಯನ್ನ ಮರುಸೃಷ್ಟಿ ಮಾಡಿದ್ದಾರೆ. ಸ್ಪೆನ್ನಿಮೂರ್‌ನವರು, 1919ರಲ್ಲಿ ಹುಟ್ಟಿದವರು, ಹದಿನಾಲ್ಕಕ್ಕೇ ಗಣಿಗಿಳಿದು 33 ವರ್ಷ ದುಡಿದು, ಜೊತೆಜೊತೆಗೇ ಊರಿನ ಬೀದಿ, ಪಬ್ಬು, ನಾಯಿ, ಮಕ್ಕಳನ್ನ ಚಿತ್ರಿಸಿದವರು. 2014ರವರೆಗೆ ಬದುಕಿದ್ದರು. ಈ ಮನೆ ತಪ್ಪಿಸಬೇಡಿ.

ವಯಸ್ಸಾದ ಗಣಿ ಕೆಲಸಗಾರರ ಪುಟ್ಟ ಮನೆಗಳೂ ಇಲ್ಲಿವೆ. ಇದರ ಹಿನ್ನೆಲೆ ನನ್ನಂಥ ಕೆಲಸ ಮಾಡುವವರಿಗೆ ಬೇಗ ಅರ್ಥವಾಗುತ್ತದೆ. ಗಣಿಯವರ ಮನೆ ಕಂಪನಿಯದ್ದು. ಕೆಲಸ ಬಿಟ್ಟರೆ ಮನೆಯೂ ಬಿಡಬೇಕು. ಐವತ್ತು ವರ್ಷ ದುಡಿದವನು ಮುದುಕನಾದ ದಿನ ಬೀದಿಗೆ. ಅದಕ್ಕೆ ಡರ್ಹಮ್‌ನ ಕೆಲಸಗಾರರು ತಮ್ಮ ಕೂಲಿಯಲ್ಲೇ ಅಷ್ಟಿಷ್ಟು ಹಾಕಿ 1898ರಲ್ಲಿ ಒಂದು ಸಂಘ ಮಾಡಿಕೊಂಡು ಮುದುಕರಿಗೆ ಮನೆ ಕಟ್ಟಿದರು. ಸರ್ಕಾರದ ಪಿಂಚಣಿ ಬರೋದಕ್ಕೂ ಮುಂಚೆ. ಬೀಮಿಷ್‌ನವರು ಮರೆವಿನ ಕಾಯಿಲೆ ಇರುವವರಿಗೆ ಅಂತ ವಿಶೇಷ ಕಾರ್ಯಕ್ರಮಗಳನ್ನೂ ಮಾಡುತ್ತಾರೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಮೊದಲೇ ಫೋನ್ ಮಾಡಿ ಕೇಳಿ.

ಇನ್ನು ಲೆಕ್ಕಾಚಾರ. ನಾವು ಹೋದಾಗ ದೊಡ್ಡವರಿಗೆ ಟಿಕೆಟ್ ಮೂವತ್ತು ಪೌಂಡಿನ ಆಸುಪಾಸು ಇತ್ತು. ಒಂದು ದಿನಕ್ಕೆ ಅಂದರೆ ಜಾಸ್ತಿ ಅನ್ನಿಸುತ್ತೆ. ಆದರೆ ಅದೇ ಪಾಸಿನಲ್ಲಿ ವರ್ಷವಿಡೀ ಬರಬಹುದು, ಹಾಗಾಗಿ ಹತ್ತಿರ ಇರುವವರಿಗೆ ಅಗ್ಗವೇ. ದೂರದಿಂದ ಒಂದೇ ಸಲ ಬರುವವರು ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಬನ್ನಿ. ಎಲ್ಲವನ್ನೂ ನೋಡುತ್ತೇನೆ ಅಂತ ಹೊರಟರೆ ಏನನ್ನೂ ನೋಡಿದ ಹಾಗಾಗಲ್ಲ. ಜಾಗ ಏರಿಳಿತದ್ದು, ಹಲವು ಕಡೆ ಕಲ್ಲು ಹಾಸಿದ ರಸ್ತೆ, ಹಳೇ ಮನೆಗಳಿಗೆ ಹೊಸ್ತಿಲು. ವೀಲ್‌ಚೇರ್ ಹತ್ತಿಸುವ ಬಸ್ಸಿನ ವಿಚಾರ ಗೇಟಿನಲ್ಲೇ ಕೇಳಿಕೊಳ್ಳಿ. ಮಳೆ ಕೋಟು ಬೇಕೇ ಬೇಕು, ಜುಲೈ ಆದರೂ.

ಐದಕ್ಕೆ ನಾಲ್ಕೂವರೆ ಸ್ಟಾರ್. ಅರ್ಧ ಕಳೆದದ್ದು ಯಾಕೆ ಅಂತ ಹೇಳಬೇಕು. ಹಳ್ಳಿಯ ಬೀದಿಯಲ್ಲಿ ನಿಂತು ತಾತ ಕಿವಿಗೊಟ್ಟು ಕೇಳುತ್ತಿದ್ದರು. ಏನು ಅಂದೆ. "ಯಾರೂ ಕೆಮ್ತಿಲ್ಲ" ಅಂದರು. ಅವರ ಅಪ್ಪ ಎದೆಗೆ ಧೂಳು ಕಟ್ಟಿ ಸತ್ತವರು. ಬೀದಿಗೆ ನಾಲ್ಕೈದು ಮನೆಯಲ್ಲಿ ರಾತ್ರಿಯಿಡೀ ಆ ಕೆಮ್ಮು ಕೇಳುತ್ತಿತ್ತಂತೆ. ಯಾವ ಮ್ಯೂಸಿಯಂ ಅದನ್ನ ತೋರಿಸೋಕಾಗುತ್ತೆ, ನಾನೂ ಒಪ್ಪುತ್ತೇನೆ. ಆದರೆ ಕಥೆ 1950ರ ದಶಕಕ್ಕೇ ನಿಂತುಬಿಡುತ್ತದೆ ಅನ್ನೋದು ನನಗೂ ಕೊರತೆಯೇ. ಗಣಿ ಮುಚ್ಚೋದರ ವಿರುದ್ಧ ಗಣಿ ಕೆಲಸಗಾರರು ಹೂಡಿದ 1984-85ರ ಮುಷ್ಕರ ನಡೆದು ನಲವತ್ತು ವರ್ಷ ದಾಟಿತು. ನಮ್ಮ ಹೋಮ್‌ನ ಅಡುಗೆಯವರು ಆಗ ಆರು ವರ್ಷದ ಹುಡುಗಿ. ವೆಲ್ಫೇರ್ ಹಾಲಿನ ಸೂಪ್ ಕಿಚನ್‌ನಲ್ಲಿ ಉಂಡು ಬೆಳೆದ ಆ ವರ್ಷ ಅವರಿಗೆ ಹಬ್ಬದ ಥರ ನೆನಪಿದೆ, ಅವರಮ್ಮನಿಗೆ ಹಾಗಲ್ಲ. ಅಂಥ ಇಬ್ಬರನ್ನೂ ಒಂದೇ ಅಡುಗೆಮನೆಯಲ್ಲಿ ಕೂರಿಸುವ ಜಾಗ ಬೀಮಿಷ್‌ನಲ್ಲಿ ಬೇಕು. ಮುಷ್ಕರಕ್ಕೆ ಹೋದವರು, ಹೋಗದವರು ಇನ್ನೂ ಮಾತು ಬಿಟ್ಟಿರುವ ಊರುಗಳಿವೆ, ಅದಕ್ಕೇ ಕಷ್ಟವೂ ಇರಬಹುದು.

ವಾಪಸ್ ಬರುವಾಗ ವ್ಯಾನಿನಲ್ಲಿ ತಾತ ಜೇಬಿನಿಂದ ಹಿತ್ತಾಳೆಯ ಬಿಲ್ಲೆ ತೆಗೆದು ತೋರಿಸಿದರು. ಗಣಿಗೆ ಇಳಿಯುವಾಗ ಒಪ್ಪಿಸಿ, ಮೇಲೆ ಬಂದಾಗ ತೆಗೆದುಕೊಳ್ಳುವ ನಂಬರಿನ ಟೋಕನ್. ಒಳಗೆ ಯಾರು ಉಳಿದಿದ್ದಾರೆ ಅಂತ ಗೊತ್ತಾಗೋದು ಅದರಿಂದಲೇ. ಇದನ್ನ ಬೀಮಿಷ್‌ಗೇ ಕೊಟ್ಟುಬಿಡಿ ಅಂತ ಮಗ ಹೇಳುತ್ತಿದ್ದಾನಂತೆ. ಕೊಡ್ತೀರಾ ಅಂತ ಕೇಳಿದೆ. "ಹೆಂಗೆ ಕೊಡೋದು ಪೆಟ್? ಕೆಲಸ ಬಿಟ್ಟ ದಿನ ವಾಪಸ್ ಕೊಡ್ಬೇಕಿತ್ತು, ನಾನು ಜೇಬಿಗೆ ಹಾಕ್ಕೊಂಡು ಬಂದೆ. ಇದು ಕೋಲ್ ಬೋರ್ಡಿನ ಸೊತ್ತು." ಕೋಲ್ ಬೋರ್ಡ್ ಅಂದರೆ ಆಗ ಗಣಿಗಳನ್ನ ನಡೆಸುತ್ತಿದ್ದ ಸರ್ಕಾರಿ ಸಂಸ್ಥೆ. ಅಜ್ಜಿ ಬ್ಲಾಕ್ ಬುಲೆಟ್ ಪೊಟ್ಟಣ ಮುಂದೆ ಚಾಚಿ, ಕೋಲ್ ಬೋರ್ಡೇ ಇಲ್ಲ ಈಗ, ಯಾರು ಕೇಳ್ತಾರೆ, ತಗೋ ಅಂದರು.